ಪತ್ರ ಬರೀರಿ, ಪಿಡಿಎಫ್ ಕಳಸ್ರಿ

ಕೈಬರಹದ ಪತ್ರಗಳನ್ನು ಉಳಿಸಿಕೊಳ್ಳಬೇಕು ಎಂಬ ಕಳಕಳಿ ಈ ವಾರ ನನಗೆ ಹನ್ನೊಂದು ವಾಟ್ಸ್‌ಆ್ಯಪ್ ಗುಂಪುಗಳಿಂದ ಬಂತು. ಹನ್ನೊಂದೂ ಫಾರ್ವರ್ಡು. ಕಳಿಸಿದ ಒಬ್ಬ ಪುಣ್ಯಾತ್ಮನೂ ‘ಆರಾಮದೀರೇನ್ರಿ’ ಅಂತ ಸ್ವಂತದ ಒಂದು ಸಾಲು ಸೇರಿಸಿರಲಿಲ್ಲ. ಕೆಳಗೆ ನಮ್ಮ ಧಾರವಾಡದ್ದೇ ಒಂದು ಪತ್ರಲೇಖನ ಸ್ಪರ್ಧೆಯ ನಿಯಮಗಳು: ಪತ್ರ ಕಡ್ಡಾಯವಾಗಿ ಕೈಬರಹದಲ್ಲಿರಬೇಕು, ಫೋಟೊ ತೆಗೆದು ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡಬೇಕು, 2 ಎಂಬಿ ಮೀರಬಾರದು. ಅಂಚೆಯಲ್ಲಿ ಬಂದ ಪತ್ರಗಳನ್ನು ಪರಿಗಣಿಸುವುದಿಲ್ಲ.

ಭೇಷ್! ಗೋಧಿ ಹುಗ್ಗಿ ಮಾಡ್ರಿ, ಫೋಟೊ ಕಳಸ್ರಿ, ರುಚಿ ನೋಡಿ ಬಹುಮಾನ ಕೊಡತೇವಿ ಅಂದಂಗಾತು.

ಧಾರವಾಡದಲ್ಲಿ ಕಲ್ಲು ಒಗೆದರೆ ಸಾಹಿತಿಯ ಮನೆ ಮೇಲೆ ಬೀಳುತ್ತದೆ ಅನ್ನುತ್ತಾರೆ. ಈಗಲೂ ಬೀಳುತ್ತದೆ. ಆದರೆ ಆ ಮನೆಯಲ್ಲಿ ಒಂದು ಅಂಚೆ ಕಾರ್ಡು ಕೇಳಿ ನೋಡಿ. ನನ್ನ ಮನೆಯಲ್ಲೂ ಇರಲಿಲ್ಲ. ಹುರುಪಿನಲ್ಲಿ ಅಂಚೆ ಕಚೇರಿಗೆ ಹೋದೆ. ಕಾರ್ಡಿಗೆ ಇವತ್ತಿಗೂ 50 ಪೈಸೆ. ರೂಪಾಯಿ ಕೊಟ್ಟರೆ, “ಎಂಟಾಣೆ ಎಲ್ಲಿಂದ ತರಲ್ರೀ, ಎರಡು ಒಯ್ರಿ” ಅಂದರು. ಪತ್ರ ಬರೆಯಲು ನನಗೆ ಒಬ್ಬ ಮನುಷ್ಯ ಸಿಗುವುದೇ ದುರ್ಲಭ, ಎರಡನೆಯವನನ್ನು ಎಲ್ಲಿಂದ ಹುಡುಕಲಿ?

ಗದಗಿನ ನಮ್ಮ ಸೋದರಮಾವನಿಗೆ ಒಂದು ಕಾರ್ಡು ಸಾಲುತ್ತಿರಲಿಲ್ಲ. ಮಳೆ, ಹೆಸರಿನ ಪೀಕು, ಯಾರದೋ ಕನ್ಯೆ ನೋಡಿ ಬಂದದ್ದು, ಅವರ ಮನೆಯ ಚಹಾ ತೆಳ್ಳಗಿದ್ದದ್ದು. ಜಾಗ ಮುಗಿದರೆ ಕಾರ್ಡು ಅಡ್ಡ ತಿರುಗಿಸಿ ಅಂಚಿನಗುಂಟ ಇರುವೆ ಸಾಲಿನಂತೆ ಬರೆದು, ವಿಳಾಸದ ಮಗ್ಗುಲಿಗೆ ನುಗ್ಗಿ, ‘ಪತ್ರ ಮುಟ್ಟಿದ ಕೂಡಲೇ ಪತ್ರ ಬರೆಯುವುದು’ ಎಂದು ಮುಗಿಸುತ್ತಿದ್ದ. ನಮ್ಮ ಪೋಸ್ಟ್‌ಮನ್ ಅದನ್ನು ದಾರಿಯಲ್ಲೇ ಓದಿಕೊಂಡು ಬಂದು, “ಎಮ್ಮಿ ಈದೈತಂತ್ರೀ ಅಕ್ಕಾರ, ಹೆಣ್ಗರ!” ಎಂದು ಬಾಗಿಲಲ್ಲೇ ಕೂಗುತ್ತಿದ್ದ. ಗೋಪ್ಯತೆ ಅನ್ನುವ ಪದ ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಗಿಣ್ಣ ತಿನ್ನಲು ಸಿಗಲಿಲ್ಲವಲ್ಲ ಅಂತ ಅವನದೇ ಹಳಹಳಿ ಬೇರೆ.

2013ರ ಜುಲೈಯಲ್ಲಿ ತಂತಿ, ಅಂದರೆ ಟೆಲಿಗ್ರಾಂ, ಸತ್ತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಹೊಟ್ಟೆಗೆ ಹಾಕಿದರು. ಎರಡು ಸಲವೂ ಜನ ಫೇಸ್‌ಬುಕ್ಕಿನಲ್ಲಿ ಗೊಳೋ ಎಂದು ಅತ್ತರು. ಅತ್ತವರ ಮನೆಗೆ ರಜಿಸ್ಟರ್ ಅಂತ ಬರುತ್ತಿದ್ದದ್ದು ವಕೀಲರ ನೋಟಿಸು.

ಆದರೂ ಕೈಬರಹ ಸತ್ತಿಲ್ಲ, ಯಾರೂ ಹೆದರಬೇಡಿ. ಬೇಕಾದರೆ ಯಾವುದೇ ಸರಕಾರಿ ಕಚೇರಿಯ ಕಿಟಕಿಗೆ ಹೋಗಿ. ಎಲ್ಲವೂ ಆನ್‌ಲೈನು, ಸರ್ವರ್ ಮಾತ್ರ ಡೌನು. “ಒಂದು ಅರ್ಜಿ ಬರಕೊಂಡು ಬರ್ರಿ.” ಮೊನ್ನೆ ಅಂಥದೊಂದು ಕಚೇರಿಯೆದುರು, ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವವನ ಮುಂದೆ ಅಜ್ಜಿಯೊಬ್ಬಳು ಕೂತಿದ್ದಳು. ಪಗಾರ ನಿಂತು ಏಳು ತಿಂಗಳು. ಹಳ್ಳಿಯವರ ಬಾಯಲ್ಲಿ ಪಿಂಚಣಿ ಅಂದರೆ ಪಗಾರವೇ. ಇದು ನಾಲ್ಕನೇ ಅರ್ಜಿ. ಮೊದಲಿನ ಮೂರೂ ಒಳಗೆ ಲಾಡಿ ಕಟ್ಟಿದ ಫೈಲಿನಲ್ಲಿ ಭದ್ರವಾಗಿವೆ. ಕೈಬರಹದ ಶಾಶ್ವತ ಮೌಲ್ಯ ಅಂದರೆ ಇದೇ ಇರಬೇಕು. ಓದುವವರಿಲ್ಲದ ಕಾಗದ ಸವೆಯುವುದಾದರೂ ಹೇಗೆ?

ಇಲ್ಲಿಗೆ ನನಗೆ ನಗು ಬರುವುದು ನಿಂತಿತು. ಬರೆಯುವ ಸ್ಪರ್ಧೆ ಸಾಕು ಮಾರಾಯರೇ. ಅವಳು ಬರೆಸಿದ್ದಾಳೆ, ದುಡ್ಡು ಕೊಟ್ಟು, ನಾಲ್ಕು ಸಲ. ಒಂದಕ್ಕಾದರೂ ಉತ್ತರ ಬರೆಯಿರಿ. ಟೈಪ್ ಮಾಡಿದ್ದಾದರೂ ನಡೆಯುತ್ತದೆ.

ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಅಜ್ಜಿ ನನ್ನ ಜೇಬಿನಲ್ಲಿ ಇಣುಕುತ್ತಿದ್ದ ಕಾರ್ಡು ನೋಡಿದಳು.

“ಇದರಾಗ ಬರದ್ರ ಬರತೈತೇನಪಾ ರೊಕ್ಕ?”