ಘಂಟೆ ಬಾರಿಸೋಕೆ ಮೊಬೈಲೇ ಬೇಕಿತ್ತಾ?

ಮೊಬೈಲು! ಮುಂಬೈಯ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಘಂಟೆಯ ನಾದಕ್ಕೆ ಸಂಘದವರು ಮೈಕಿಗೆ ಮೊಬೈಲು ಹಿಡಿದರು! ನಾನು ಅಲ್ಲೇ ಪಕ್ಕದಲ್ಲಿ ಕೀಬೋರ್ಡಿನ ಕೀ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ನನ್ನ ಕಡೆ ಒಮ್ಮೆ ತಿರುಗಿ ನೋಡುವಷ್ಟು ಪುರುಸೊತ್ತೂ ಯಾರಿಗೂ ಇರಲಿಲ್ಲ.

ಮನೆಗೆ ಬಂದು ಊಟವೂ ಸೇರಲಿಲ್ಲ. ಭಾನುವಾರ ಹಳಿ ರಿಪೇರಿಗೆ ಲೋಕಲ್ ಟ್ರೈನು ಕಡಿಮೆ ಮಾಡುವ ಮೆಗಾ ಬ್ಲಾಕ್‌ನಲ್ಲಿ ಡೊಂಬಿವಿಲಿಯಿಂದ ಮಾಟುಂಗಾವರೆಗೆ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತೇ ಹೋಗಿದ್ದೆ. ಅದರೊಳಗಿರುವುದು ಎರಡು ಕೆಜಿಯೂ ತೂಗದ ವಾದ್ಯ. ಆದರೂ ಯಾರ ಮೊಣಕೈಯೂ ತಾಗದ ಹಾಗೆ ಕಾಪಾಡಿಕೊಂಡು ಹೋದೆ. ಯಾಕೆ ಹೇಳಿ? ಇವರು ಯೂಟ್ಯೂಬ್‌ನಲ್ಲಿ ಘಂಟೆ ಹುಡುಕಲಿ ಅಂತಲೇ?

ರೂಪಕದ ಶುರುವಿಗೆ ದೇವಸ್ಥಾನದ ಘಂಟೆ ಬೇಕು ಅಂದವರು ಅವರೇ. ನಾನಾಗಿ ಹೋಗಿ ಕೇಳಿದ್ದಲ್ಲ. ವೇದಿಕೆಯಲ್ಲಿ ಕತ್ತಲು, ಆ ಕತ್ತಲಲ್ಲಿ ಘಂಟೆ ಒಂದೇ. ಅದರ ಗುಂಯ್‌ಗುಡುವ ನಾದ ಹಿಡಿದು ಹಾಡುವ ಅಕ್ಕ ಷಡ್ಜ ಎತ್ತಬೇಕು. ಶ್ರುತಿಪೆಟ್ಟಿಗೆ ಬರುವುದು ಆಮೇಲೆ. ಅಕ್ಕ ಹಾಡುವುದು ಐದೂವರೆ ಮನೆ ಶ್ರುತಿಯಲ್ಲಿ. ಹಾಗಾಗಿ ಘಂಟೆಯೂ ಅಲ್ಲೇ ಇರಬೇಕು. ಘಾಟ್‌ಕೋಪರ್‌ನ ಅವರ ಮನೆಗೆ ಹೋಗಿ ಕೂತು ಇದನ್ನು ಕೂಡಿಸಿಕೊಂಡಿದ್ದೆವು. ಅವರಿಗೆ ಎಷ್ಟು ಖುಷಿಯಾಗಿತ್ತು ಅಂದರೆ ಮೂರು ಸಲ ಎತ್ತಿ ಎತ್ತಿ ಹಾಡಿದರು.

ಆ ನಾದ ಸುಮ್ನೆ ಬಂದದ್ದಲ್ಲ. ನನ್ನ ಹತ್ತಿರ ಇರುವುದು ಯಮಾಹಾ ರಿಫೇಸ್ ಡಿಎಕ್ಸ್, ನಾದವನ್ನು ತಾನೇ ಹುಟ್ಟಿಸುವ ಕೀಬೋರ್ಡು, ಅಂದರೆ ಎಫ್‌ಎಂ ಸಿಂಥ್. ಅದರಲ್ಲಿ ಘಂಟೆಯ ರೆಕಾರ್ಡಿಂಗ್ ಇರುವುದಿಲ್ಲ, ಯಾವ ವಾದ್ಯದ ರೆಕಾರ್ಡಿಂಗೂ ಇರುವುದಿಲ್ಲ. ಒಂದು ಅಲೆ ಇನ್ನೊಂದು ಅಲೆಯನ್ನು ನಡುಗಿಸುತ್ತದೆ, ಅಷ್ಟೇ. ನಡುಕ ನಿಧಾನವಾಗಿದ್ದರೆ ಸ್ವರ ಅಲುಗಾಡುವುದು ಕೇಳುತ್ತದೆ. ಕಿವಿಗೆ ಎಣಿಸಲಾಗದಷ್ಟು ವೇಗವಾದರೆ ಅಲುಗಾಟ ಕರಗಿಹೋಗಿ ಬೇರೆಯದೇ ಒಂದು ನಾದ ಹುಟ್ಟುತ್ತದೆ. 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಗೀತಗಾರ ಜಾನ್ ಚೌನಿಂಗ್ ಕಂಡುಕೊಂಡದ್ದು ಇದನ್ನೇ. 1983ರಲ್ಲಿ ಯಮಾಹಾ ಡಿಎಕ್ಸ್7 ಕೀಬೋರ್ಡು ಬಂದದ್ದು ಇದರಿಂದಲೇ. ಆ ಕಾಲದ ಹಾಡುಗಳಲ್ಲಿ ಗಾಜಿನಂತೆ ಮಿನುಗುವ ಪಿಯಾನೊ ಕೇಳಿದ್ದೀರಲ್ಲ, ಅದು ಈ ಮನೆತನದ್ದು.

ನನ್ನದರಲ್ಲಿ ಇರುವುದು ನಾಲ್ಕೇ ಆಪರೇಟರ್, ಅಂದರೆ ಅಲೆ ಹುಟ್ಟಿಸುವ ಘಟಕ. ಅವನ್ನು ಎರಡು ಜೋಡಿ ಮಾಡಿಕೊಂಡೆ. ಜೋಡಿಯಲ್ಲಿ ಒಂದು ಕ್ಯಾರಿಯರ್, ನಮಗೆ ಕೇಳಿಸುವುದು ಅದು. ಇನ್ನೊಂದು ಮಾಡ್ಯುಲೇಟರ್, ಅದನ್ನು ನಡುಗಿಸುವುದು. ಮಾಡ್ಯುಲೇಟರಿನ ಕಂಪನವನ್ನು ಕ್ಯಾರಿಯರಿನ 2 ಪಟ್ಟಿಗೋ 3 ಪಟ್ಟಿಗೋ ಇಟ್ಟರೆ ಹುಟ್ಟುವ ಮೇಲಿನ ಸ್ವರಗಳೆಲ್ಲ ಶ್ರುತಿಗೆ ಹೊಂದಿಕೊಂಡು ಬರುತ್ತವೆ. 1.40 ಪಟ್ಟಿಗೆ ಇಡಿ, ಒಂದಕ್ಕೊಂದು ಹೊಂದದ ಸ್ವರಗಳು ಗುಂಪುಗಟ್ಟಿ ಏಳುತ್ತವೆ. ಅದು ಕಂಚು! ಚೌನಿಂಗ್ ತಮ್ಮ 1973ರ ಲೇಖನದಲ್ಲಿ ಘಂಟೆಗೆ ಇಟ್ಟದ್ದೂ ಇದೇ, ಕ್ಯಾರಿಯರ್ 200 ಹರ್ಟ್ಸ್, ಮಾಡ್ಯುಲೇಟರ್ 280.

ಆದರೆ ಅಂಕೆ ಇಟ್ಟ ಮಾತ್ರಕ್ಕೆ ಘಂಟೆ ಬರುವುದಿಲ್ಲ. ಬಡಿದ ಕ್ಷಣ ಠಣ್ ಅನ್ನಬೇಕು, ಆಮೇಲೆ ಮೊನಚೆಲ್ಲ ಕಳೆದು ಗುಂಯ್ ಮಾತ್ರ ಉಳಿಯಬೇಕು. ಅದಕ್ಕೆ ಮಾಡ್ಯುಲೇಟರ್‌ನ ಎನ್ವಲಪ್ (ಬಲದ ಏರಿಳಿತ) ಕ್ಯಾರಿಯರ್‌ಗಿಂತ ಬೇಗ ಇಳಿಯಬೇಕು. ಎಷ್ಟು ಬೇಗ? ಯಾರೂ ಹೇಳಿಕೊಡುವುದಿಲ್ಲ, ಕಿವಿಯೇ ಹೇಳಬೇಕು. ಮಾಡ್ಯುಲೇಟರ್ ಲೆವೆಲ್ ಸ್ವಲ್ಪ ಜಾಸ್ತಿಯಾದರೆ ಸ್ಟೀಲ್ ಲೋಟ ನೆಲಕ್ಕೆ ಬಿದ್ದ ಹಾಗಿರುತ್ತದೆ. ಸ್ವಲ್ಪ ಕಡಿಮೆಯಾದರೆ ಘಂಟೆಯೇ ಇಲ್ಲ. ಕೊನೆಗೆ ಎರಡನೇ ಜೋಡಿಯ ಶ್ರುತಿಯನ್ನು ಡಿಟ್ಯೂನ್‌ನಲ್ಲಿ ಕೂದಲೆಳೆಯಷ್ಟು ಸರಿಸಿದಾಗ ದೊಡ್ಡ ಘಂಟೆಯ ಕೊನೆಯಲ್ಲಿ ಬರುವ ಆ ವೂಂ... ವೂಂ... ಬಂತು. ರಾತ್ರಿಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತದ್ದಕ್ಕೆ ಬಂತು!

ಇಷ್ಟೆಲ್ಲ ಆದ ಮೇಲೆ ಅವತ್ತು ಸಂಜೆ ಏನಾಯಿತು ಕೇಳಿ.

ಮುಂದಿನ ಸಾಲುಗಳು ಆಗಲೇ ತುಂಬಿದ್ದವು. ಸ್ಟೇಜಿನ ಮೈಕ್ ಆನ್ ಆಗಿಯೇ ಇತ್ತು. ಕಾರ್ಯದರ್ಶಿಯವರು ಬಂದು ನನ್ನ ಮುಂದೆ ನಿಂತರು. "ಎಂತ ಮಾರಾಯ್ರೆ ಇದು, ಮಗಳ ಕೀಬೋರ್ಡಾ?"

ಇಡೀ ಹಾಲಿಗೆ ಕೇಳಿಸಿತು. ನಗು ಎದ್ದಿತು. ಕೀ ಚಿಕ್ಕವು, ನಿಜ. 37 ಕೀ, ಮಿನಿ. ಅದಕ್ಕೆ?

"ಅಲ್ಲ ಸರ್, ಸಿಂಥ್" ಅಂದೆ.

"ರಿದಮ್ ಉಂಟಾ?"

"ಇಲ್ಲ ಸರ್."

"ಹಾರ್ಮೋನಿಯಂ?"

"ಮಾಡಿಕೊಳ್ಳಬಹುದು ಸರ್. ಇವತ್ತಿಗೆ ಘಂಟೆ ಮಾಡಿದ್ದೇನೆ. ನೀವೇ ಹೇಳಿದ್ರಲ್ಲ."

"ಬರೀ ಒಂದು ಘಂಟೆಗೆ ಇಷ್ಟೆಲ್ಲ ವೈರು ಯಾಕೆ ಮಾರಾಯ್ರೆ?"

ಮತ್ತೆ ನಗು. ಸೌಂಡಿನ ಹುಡುಗ ನನ್ನ ಕೇಬಲ್ ಕೈಯಲ್ಲಿ ಹಿಡಿದು ನಿಂತಿದ್ದ. ಅವನೂ ಅವರ ಮುಖ ನೋಡಿ "ರಿದಮ್ ನಾಹೀ ಕಾ?" ಅಂದ. ಜಾಕ್ ಚುಚ್ಚಲೇ ಇಲ್ಲ. ಆ ಚಾನೆಲ್ ತಬಲಾಕ್ಕೆ ಬೇಕು ಅಂತ ಕೇಬಲನ್ನು ಸುತ್ತಿ ನನ್ನ ಕಾಲ ಬಳಿ ಇಟ್ಟುಬಿಟ್ಟ. ನನಗೆ ಬಾಯಿಯೇ ಬರಲಿಲ್ಲ. ಕೈ ಮಾತ್ರ ಕೀ ಮೇಲೆಯೇ ಇತ್ತು. ಸ್ಪೀಕರ್ ಅದರಲ್ಲೇ ಇದೆ, ಚಿಕ್ಕದು. ಒಂದು ಸಲ ಒತ್ತಿದೆ. ಠಣ್... ಕಾರ್ಯದರ್ಶಿಯವರ ಮುಖಕ್ಕೆ ನೇರವಾಗಿ ಕೇಳಿಸಿತು. ಅವರು ಏನೂ ಕೇಳಿಸದವರ ಹಾಗೆ ಹಿಂದೆ ತಿರುಗಿ ಅಳಿಯನನ್ನು ಕರೆದರು.

ಅಳಿಯ ಬಂದ. ಮೊಬೈಲು ತೆಗೆದ. ದೀಪ ಆರಿತು. ಮೈಕಿಗೆ ಹಿಡಿದ. ಮೊದಲು ಬಂದದ್ದು ಜಾಹೀರಾತು! ಪರದೆ ಏಳುತ್ತಿದೆ, ಕತ್ತಲು, ಮಕ್ಕಳು ಕೈಯಲ್ಲಿ ದೀಪ ಹಿಡಿದು ನಿಂತಿದ್ದಾರೆ, ಹಾಲ್ ತುಂಬ ಹಿಂದಿಯಲ್ಲಿ ಜಾಹೀರಾತು! ಆಗಲೂ ಯಾರೂ ನನ್ನ ಕಡೆ ನೋಡಲಿಲ್ಲ. ಕೇಬಲ್ ಅಲ್ಲೇ ನನ್ನ ಕಾಲ ಬಳಿ ಬಿದ್ದಿತ್ತು.

ಆಮೇಲೆ ಘಂಟೆ ಬಂತು. ಯಾವ ಊರಿನದೋ, ಯಾವ ಶ್ರುತಿಯದೋ. ಐದೂವರೆಯ ಹತ್ತಿರಕ್ಕೂ ಸುಳಿಯಲಿಲ್ಲ. ಅಕ್ಕ ಪಾಪ, ಹೇಳಿಕೊಟ್ಟ ಹಾಗೆ ಅದನ್ನೇ ಹಿಡಿದು ಷಡ್ಜ ಎತ್ತಿದರು. ಹಿಂದೆಯೇ ಶ್ರುತಿಪೆಟ್ಟಿಗೆ ಶುರುವಾಯಿತು. ಎರಡೂ ಬೇರೆ ಬೇರೆ. ಮೊದಲ ಸಾಲು ಒಂದು ಕಡೆ, ಎರಡನೇ ಸಾಲು ಇನ್ನೊಂದು ಕಡೆ. ನಡುವೆ ಅವರು ನನ್ನ ಕಡೆ ತಿರುಗಿ ನೋಡಿದರು. ಆ ನೋಟಕ್ಕೆ ನಾನು ಏನಂತ ಉತ್ತರ ಕೊಡಲಿ?

ಕಾರ್ಯಕ್ರಮ ಮುಗಿದ ಮೇಲೆ ಜನ ಅಂದದ್ದೇನು ಗೊತ್ತಾ? "ಇವತ್ತು ಅವರ ಗಂಟಲು ಸರಿಯಿರಲಿಲ್ಲ ಅಂತ ಕಾಣುತ್ತೆ." ಗಂಟಲು ಸರಿಯಾಗಿಯೇ ಇತ್ತು ಸ್ವಾಮಿ! ಘಂಟೆ ಸರಿಯಿರಲಿಲ್ಲ! ವಂದನಾರ್ಪಣೆಯಲ್ಲಿ ತಾಂತ್ರಿಕ ನೆರವು ಅಂತ ಅಳಿಯನ ಹೆಸರು ಬಂತು. ಹೆಗಲಿಗೆ ಶಾಲು.

ಬಿಡಿ. ಒಂದು ಘಂಟೆಗೆ ಇಷ್ಟು ಹೊಟ್ಟೆ ಉರಿಸಿಕೊಳ್ಳಬೇಕಾ ಅಂತ ಮನೆಯಲ್ಲೂ ಕೇಳಿದರು. ಸಂಘದವರೂ ದುಡಿಯುವವರು, ಆಫೀಸು ಮುಗಿಸಿ ಬಂದು ಕುರ್ಚಿ ಜೋಡಿಸುವವರು. ಅವರಿಗೂ ಸಾವಿರ ತಲೆನೋವು. ಯಾರ ಮೇಲೂ ಸಿಟ್ಟಿಲ್ಲ.

ಇಲ್ಲ, ಸಿಟ್ಟಿದೆ. ಯಾಕಿರಬಾರದು? "ಅಷ್ಟು ದುಡ್ಡಿಗೆ 61 ಕೀ, ರಿದಮ್, ತಬಲಾ ಎಲ್ಲ ಬರುತ್ತಿತ್ತು" ಅಂತ ಬುದ್ಧಿ ಹೇಳಿ ಕಳಿಸಿದರಲ್ಲ, ಅದಕ್ಕೆ ಸಿಟ್ಟು. ರಿದಮ್ ಕೀಬೋರ್ಡ್ ನುಡಿಸುವವರ ಬಗ್ಗೆ ನನಗೆ ಗೌರವವೇ ಇದೆ. ಬಟನ್ ಒತ್ತಿದರೆ ಎಲ್ಲ ಬಂದುಬಿಡುತ್ತದೆ ಅಂತ ಅವರ ಕೆಲಸವನ್ನೂ ಇವರು ಹಗುರ ಮಾಡುತ್ತಾರೆ. ನಾದವನ್ನು ಯಾರೋ ಕೂತು ಮಾಡಬೇಕಾಗುತ್ತದೆ ಅನ್ನುವುದೇ ಇವರ ತಲೆಗೆ ಹೋಗುವುದಿಲ್ಲವಲ್ಲ! ಕ್ಯಾಟರಿಂಗ್‌ನವರು ಕಳಿಸಿದ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಅಂತ ಮೂವರು ನಿಂತು ಚರ್ಚೆ ಮಾಡಿದರು. ಶ್ರುತಿ ತಪ್ಪಿದ್ದಕ್ಕೆ ಒಬ್ಬರೂ ಇಲ್ಲ.

ಸಂಘದ ಸಹವಾಸವೇ ಬೇಡ ಅಂತ ಟ್ರೈನಿನಲ್ಲಿ ಗಟ್ಟಿಯಾಗಿಯೇ ಅಂದುಕೊಂಡೆ. ಪಕ್ಕದವರು ನೋಡಿದರು. ಆದರೆ ಇಲ್ಲಿ ಸ್ಟೇಜಿನ ಮೇಲೆ ಕನ್ನಡ ಹಾಡಿಗೆ ನುಡಿಸಬೇಕು ಅಂದರೆ ನಾನು ಇನ್ನೆಲ್ಲಿಗೆ ಹೋಗಲಿ? ಅವರಿಗೂ ಅದು ಗೊತ್ತು.

ಅವತ್ತು ಹಾಲಿನಲ್ಲಿ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ. ನಿಮಗೆ ಕೇಳಿಸಲಿಲ್ವಾ? ಮೊದಲ ಸಾಲಿನಲ್ಲೇ ಅಕ್ಕನ ದನಿ ಎಡವಿದ್ದು ಒಬ್ಬರಿಗೂ ಕೇಳಿಸಲಿಲ್ವಾ? ಒಂದು ನಿಮಿಷ, ಒಂದೇ ಒಂದು ನಿಮಿಷ ಜಾಕ್ ಹಾಕಿ ಕೇಳಿ, ಚೆನ್ನಾಗಿಲ್ಲ ಅಂದಿದ್ದರೆ ನಾನೇ ಪ್ಯಾಕ್ ಮಾಡುತ್ತಿದ್ದೆ. ಕೇಳದೆಯೇ ಹೇಗೆ ಬೇಡ ಅಂದಿರಿ?

ಈಗ ಬರೆಯುವಾಗಲೇ ಗ್ರೂಪಿನಲ್ಲಿ ಮೆಸೇಜ್ ಬಿತ್ತು. ಮುಂದಿನ ಕಾರ್ಯಕ್ರಮದ ಪ್ರಾಕ್ಟೀಸ್‌ಗೆ ಬರಬೇಕಂತೆ. "ಈ ಸಲ ರಿದಮ್ ಇರುವ ದೊಡ್ಡ ಕೀಬೋರ್ಡ್ ತನ್ನಿ" ಅಂತ ಬೇರೆ, ಕೆಳಗೆ ಕೈಮುಗಿದ ಚಿತ್ರ. ನಾನು ಉತ್ತರ ಹಾಕಿಲ್ಲ. ಮೊದಲು ಅಕ್ಕನಿಗೆ ಫೋನ್ ಮಾಡಿ, ತಪ್ಪು ನಿಮ್ಮ ಗಂಟಲಿನದಲ್ಲ ಅಂತ ಕಾರ್ಯದರ್ಶಿಯವರು ಬಾಯಿಬಿಟ್ಟು ಹೇಳಲಿ. ಆಮೇಲೆ ಕೀಬೋರ್ಡಿನ ಮಾತು.