ಆ ಲೈನ್ ಇನ್ನೂ ಯಾಕಿದೆ ಅಂತ ಕೇಳಿ

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ, ಬರೆದೇ ಬಿಡ್ತೀನಿ.

ದೊಡ್ಡಪ್ಪ ಐಸಿಯುನಲ್ಲಿರೋದು ನಿಮ್ಮಲ್ಲಿ ತುಂಬ ಜನರಿಗೆ ಗೊತ್ತು. ನ್ಯುಮೋನಿಯಾ ಅಂತ ಸೇರಿಸಿದ್ದು. ಅದು ಹತೋಟಿಗೆ ಬಂದಿತ್ತು. ಬಿಪಿ ಏರಿಸೋ ಔಷಧಿ ನಿಲ್ಲಿಸಿದ್ದರು, ಮೂಗಿನ ಟ್ಯೂಬಲ್ಲಿ ಗಂಜಿ ಹೋಗ್ತಿತ್ತು. ಅಷ್ಟರಲ್ಲಿ ನಡುಕ ಹುಟ್ಟಿಸೋ ಚಳಿಜ್ವರ. ಬ್ಲಡ್ ಕಲ್ಚರಲ್ಲಿ, ಅಂದರೆ ರಕ್ತದಲ್ಲಿ ಕ್ರಿಮಿ ಹುಡುಕೋ ಟೆಸ್ಟಲ್ಲಿ, ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬಂತು. ರಿಪೋರ್ಟಲ್ಲಿ ಮೆರೊಪೆನೆಮ್ ಅನ್ನೋ ಭಾರಿ ಆಂಟಿಬಯೋಟಿಕ್ ಮುಂದೆ ‘ಆರ್’ (ರೆಸಿಸ್ಟೆಂಟ್), ಅದರ ಕೆಳಗೂ ‘ಆರ್’, ಸಾಲುಸಾಲು ‘ಆರ್’. ಹೆಚ್ಚುಕಮ್ಮಿ ಯಾವ ಔಷಧಿಗೂ ಬಗ್ಗಲ್ಲ ಅಂತ. “ಹೈಯರ್ ಆಂಟಿಬಯೋಟಿಕ್ ಶುರು ಮಾಡ್ತೀವಿ” ಅಂದ್ರು ಡ್ಯೂಟಿ ಡಾಕ್ಟರು. ಅಣ್ಣ ಕೈಮುಗಿದು, “ಎಷ್ಟಾದ್ರೂ ಆಗ್ಲಿ ಸರ್, ಪವರ್ ಇರೋದೇ ಹಾಕಿ” ಅಂದ.

ನಾನು ನೋಡ್ತಿದ್ದದ್ದು ಕತ್ತಿನ ಸೆಂಟ್ರಲ್ ಲೈನನ್ನ, ಅಂದರೆ ಬಿಪಿ ಏರಿಸೋ ಔಷಧಿಯಂಥದ್ದು ಕೊಡೋಕೆ ದೊಡ್ಡ ರಕ್ತನಾಳದೊಳಗೆ ಹಾಕೋ ಟ್ಯೂಬನ್ನ. ಡ್ರೆಸ್ಸಿಂಗಿನ ಅಂಚು ಎದ್ದಿತ್ತು, ಕೆಳಗೆ ರಕ್ತ ಒಣಗಿ ಕಪ್ಪಾಗಿತ್ತು. ಸ್ಟಾಫ್ ಒಬ್ಬರು ಪಕ್ಕದ ಬೆಡ್ಡಿನ ಯೂರಿನ್ ಬ್ಯಾಗ್ ಖಾಲಿ ಮಾಡಿದರು, ಅದೇ ಗ್ಲೌಸಲ್ಲಿ ಮಾನಿಟರ್ ಬಟನ್ ಒತ್ತಿದರು, ಅದೇ ಗ್ಲೌಸಲ್ಲಿ ದೊಡ್ಡಪ್ಪನ ಲೈನಿನ ಮುಚ್ಚಳ ತೆಗೆದು ಸಿರಿಂಜ್ ಸೇರಿಸಿದರು. ಸ್ಪಿರಿಟ್ ಸ್ವಾಬಲ್ಲಿ ಉಜ್ಜೋದು 15 ಸೆಕೆಂಡಿನ ಕೆಲಸ. ಅದೂ ಇಲ್ಲ. ಆ ಲೈನಿನ ತುದಿ ಇರೋದು ಹೃದಯದ ಬಾಗಿಲಲ್ಲಿ ಕಣ್ರೀ!

“ಬಿಪಿ ಔಷಧಿ ನಿಂತಮೇಲೆ ಈ ಲೈನ್ ಇನ್ನೂ ಯಾಕಿದೆ?” ಅಂತ ಕೇಳಿದೆ. “ಇರ್ಲಿ ಮೇಡಂ, ಬ್ಲಡ್ ತೆಗೆಯೋಕೆ ಅನುಕೂಲ” ಅಂದ್ರು. ಐಸಿಯು ನರ್ಸಾಗೇ ಕೂದಲು ಬೆಳ್ಳಗಾದ ನನಗೆ ಈ ‘ಇರ್ಲಿ’ ಎಷ್ಟು ಜನರನ್ನ ತಿಂದಿದೆ ಅಂತ ಗೊತ್ತು.

ಅಮೆರಿಕದ ಮಿಷಿಗನ್‌ನಲ್ಲಿ ಪೀಟರ್ ಪ್ರೊನೊವೋಸ್ಟ್ ಅನ್ನೋ ಡಾಕ್ಟರು ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದೇ ಐದು ಕೆಲಸ ಮಾಡಿಸಿದರು. ಕೈ ತೊಳಿ. ಲೈನ್ ಹಾಕುವಾಗ ರೋಗಿಯ ಮೈಯೆಲ್ಲ ಮುಚ್ಚು, ನೀನೂ ಗೌನು ಮಾಸ್ಕು ಹಾಕು. ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕದಿಂದ ಚರ್ಮ ಒರೆಸು. ಆದಷ್ಟು ತೊಡೆಸಂದಿಯಲ್ಲಿ ಹಾಕಬೇಡ. ಬೇಡವಾದ ಲೈನ್ ಕಿತ್ತು ಹಾಕು. 2006ರಲ್ಲಿ ಫಲಿತಾಂಶ ಪ್ರಕಟವಾಯ್ತು: ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಅದು ಒಂದು ಲೈನ್-ದಿನ) ಮಧ್ಯಮ ಲೆಕ್ಕದಲ್ಲಿ, ಅಂದರೆ ಎಲ್ಲ ಐಸಿಯುಗಳನ್ನ ಸಾಲಾಗಿಟ್ಟರೆ ನಟ್ಟನಡುವೆ ಬರೋದರಲ್ಲಿ, 2.7 ಇದ್ದ ರಕ್ತದ ಸೋಂಕು ಮೂರೇ ತಿಂಗಳಲ್ಲಿ ಸೊನ್ನೆಗೆ ಇಳಿದಿತ್ತು. ಒಂದೂವರೆ ವರ್ಷ ಹಾಗೇ ಉಳೀತು. ಹೊಸ ಔಷಧಿ ಒಂದೂ ಇಲ್ಲ.

“ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾತ್ರೆ ನುಂಗಿದವರೇ ಕ್ರಿಮಿ ಔಷಧಿಗೆ ಬಗ್ಗದಿರೋಕೆ ಕಾರಣ” ಅಂತ ಕಮೆಂಟ್ ಬರುತ್ತೆ, ಗೊತ್ತು. ನಿಜವೇ. ಕೋಳಿ ಫಾರಂಗಳಲ್ಲಿ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಸುರೀತಿದ್ದದ್ದೂ ನಿಜ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ ನಿಷೇಧಿಸಿತು. ಆದರೆ ಆ ಮಾತ್ರೆ ನುಂಗಿದವನು ಬಂದು ದೊಡ್ಡಪ್ಪನ ಲೈನ್ ಮುಟ್ಟಿದನಾ? ಬೆಡ್ಡಿಂದ ಬೆಡ್ಡಿಗೆ ಕ್ರಿಮಿ ದಾಟಿಸೋದು ನಮ್ಮ ಕೈ, ನಮ್ಮ ಗ್ಲೌಸ್. ಅಸಿನೆಟೋಬ್ಯಾಕ್ಟರ್ ಅನ್ನೋ ಐಸಿಯು ಕ್ರಿಮಿಯಂತೂ ಒಣ ಬೆಡ್ ರೇಲಿಂಗ್ ಮೇಲೂ ವಾರಗಟ್ಟಲೆ ಬದುಕಿರುತ್ತೆ.

ಹೊಸ ಔಷಧಿ ಬರುತ್ತೆ ಅನ್ನೋರಿಗೂ ಒಂದು ಮಾತು. ಮೆರೊಪೆನೆಮನ್ನೇ ಒಡೆದು ಹಾಕೋ ಕ್ರಿಮಿಗಳ ಎನ್‌ಡಿಎಂ ಕಿಣ್ವ ನಮ್ಮ ದೇಶದ ಐಸಿಯುಗಳಲ್ಲಿ ಬೇರೂರಿದೆ. ದುಬಾರಿ ಆಂಟಿಬಯೋಟಿಕ್ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದನ್ನೇ ಕೊಟ್ಟರೆ ಅದಕ್ಕೆ ನಾಟಲ್ಲ, ಅಜ್ಟ್ರಿಯೋನಾಮ್ ಅನ್ನೋ ಇನ್ನೊಂದು ಜೊತೆಗೆ ಬೇಕು. ಕೊಲಿಸ್ಟಿನ್ ಅಂದರೆ ಕಿಡ್ನಿಗೆ ಹೊಡೆತ ಅಂತ ಹಿಂದೆ ಬಹುತೇಕ ಕೈಬಿಟ್ಟಿದ್ದ ಔಷಧಿ. ದೊಡ್ಡಪ್ಪನಿಗೆ ಈಗ ಹೋಗ್ತಿರೋದು ಅದೇ. ಇವತ್ತು ಬೆಳಿಗ್ಗೆ ಕ್ರಿಯಾಟಿನಿನ್ ಏರಿದೆ, ಅಂದರೆ ಕಿಡ್ನಿ ಸೋಲ್ತಿರೋ ಸೂಚನೆ. ನಿಮ್ಮೆದುರು ಮುಚ್ಚಿಡೋದೇನು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅದೇ ಗ್ಲೌಸಲ್ಲಿ ಲೈನ್ ಮುಟ್ಟಿದ ಆ ನರ್ಸ್ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ವೆಂಟಿಲೇಟರ್ ರೋಗಿಗೆ ಒಬ್ಬ ನರ್ಸ್ ಇರಬೇಕು. ಅವಳ ಪಾಲಿಗೆ ನಾಲ್ಕು ಬೆಡ್. ಕೈ ತೊಳೆಯೋಕೆ ಹೊತ್ತೆಲ್ಲಿದೆ? ಸಿಟ್ಟಿರೋದು ಅವಳನ್ನ ನಾಲ್ಕು ಬೆಡ್ಡಿಗೆ ನಿಲ್ಲಿಸಿ ಸಂಬಳ ಉಳಿಸಿದವರ ಮೇಲೆ. ಉಳಿಸಿದ್ದರ ಎಷ್ಟೋ ಪಟ್ಟು ದುಡ್ಡು ಈಗ ಅಣ್ಣನ ಜೇಬಿಂದ ಇಂಜೆಕ್ಷನ್‌ಗೆ ಹೋಗ್ತಿದೆ.

ನಿಮ್ಮವರು ಐಸಿಯುನಲ್ಲಿದ್ದರೆ “ಪವರ್ ಇರೋದು ಹಾಕಿ” ಅನ್ನೋ ಮೊದಲು, “ಆ ಲೈನ್ ಇವತ್ತೂ ಬೇಕಾ?” ಅಂತ ಕೇಳಿ. ದಿನಾ ಕೇಳಿ. ಮುಖ ಸಿಂಡರಿಸಿದರೂ ಕೇಳಿ. ಇನ್ನು ಆಸ್ಪತ್ರೆಯವರಿಗೆ: ಆಸ್ಪತ್ರೆಗಳ ಗುಣಮಟ್ಟ ನೋಡೋ ಎನ್‌ಎಬಿಎಚ್ ಮಂಡಳಿಯ ಮಾನ್ಯತೆಗೆ ಸಾವಿರ ಲೈನ್-ದಿನಕ್ಕೆ ಎಷ್ಟು ರಕ್ತದ ಸೋಂಕು ಅನ್ನೋ ಲೆಕ್ಕ ಇಡ್ತೀರಲ್ಲ, ಅದನ್ನ ಕ್ಯಾಶ್ ಕೌಂಟರ್ ಮೇಲಿನ ದರಪಟ್ಟಿ ಪಕ್ಕದಲ್ಲೇ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.