ಕುರಿಗೂ ಒಂದು ತಕ್ಕಡಿ ಇಡಿ

ಸಂತೆಯಿಂದ ಈಗ ತಾನೇ ಬಂದೆ. ಸ್ನಾನ ಮಾಡಿ ಊಟ ಮಾಡಿದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯಲು ಕೂತೆ. ನಮ್ಮ ಮನೆಯಲ್ಲಿ ಕುರಿ ಸಾಕುತ್ತೇವೆ, ಈಗ ರೊಪ್ಪ, ಅಂದರೆ ಕುರಿ ಕೂಡುವ ಜಾಗ, ನೋಡಿಕೊಳ್ಳುವುದು ಚಿಕ್ಕಪ್ಪ. ಇವತ್ತು ಅವರ ಟಗರುಮರಿಗಳನ್ನು ಮಾರಲು ಹೋಗಿದ್ದೆವು.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ವ್ಯಾಪಾರಿ ಬಂದ, ಮೊಬೈಲ್ ಟಾರ್ಚ್ ಹಾಕಿದ, ಒಂದು ಮರಿಯ ಸೊಂಟದ ಮೇಲೆ ಹೆಬ್ಬೆರಳು ಒತ್ತಿ ಬೆನ್ನುಮೂಳೆ ಪಕ್ಕದ ಮಾಂಸ ಎಷ್ಟಿದೆ ಅಂತ ನೋಡಿದ, ತುಟಿ ಬಿಡಿಸಿ ಹಲ್ಲು ನೋಡಿದ, ಹೊಟ್ಟೆಯಡಿ ಕೈ ಹಾಕಿ ಅರ್ಧ ಎತ್ತಿ ಇಳಿಸಿದ. 'ಒಂಬತ್ತು ಕೆಜಿ ಬೀಳುತ್ತೆ' ಅಂದ, ಅಂದರೆ ಕೊಯ್ದರೆ ಸಿಗುವ ಮಾಂಸ ಅಷ್ಟು ಅಂತ. ದಲ್ಲಾಳಿ ಚಿಕ್ಕಪ್ಪನ ಕೈಯನ್ನು ಟವೆಲ್ ಕೆಳಗೆ ಎಳೆದುಕೊಂಡು, ಯಾರಿಗೂ ಕಾಣದ ಹಾಗೆ ಬೆರಳಿನಲ್ಲೇ ರೇಟು ಹೇಳಲು, ಬೆರಳು ಹಿಡಿದ, ಆ ಬೆರಳನ್ನು ಬಿಟ್ಟ, ಇನ್ನೊಂದನ್ನು ಹಿಡಿದ. ಅಷ್ಟರಲ್ಲಿ ಇಡೀ ಗುಂಪಿನ ವ್ಯಾಪಾರ ಮುಗಿದೇ ಹೋಯಿತು.

ಆ ಮರಿಗಳನ್ನು ಹಿಂದಿನ ದಿನ ಬೆಳಿಗ್ಗೆ, ಮೇಯಲು ಬಿಡುವ ಮುಂಚೆ, ಖಾಲಿ ಹೊಟ್ಟೆಯಲ್ಲಿ ನಾನೇ ತೂಗಿದ್ದೆ. ಬೇವಿನ ಕೊಂಬೆಗೆ ಡಿಜಿಟಲ್ ತಕ್ಕಡಿ ಕಟ್ಟಿ, ಗೋಣಿಚೀಲಕ್ಕೆ ನಾಲ್ಕು ತೂತು ಮಾಡಿ ಕಾಲು ಇಳಿಬಿಟ್ಟು. ಹೆಚ್ಚುಕಡಿಮೆ ಎಲ್ಲವೂ 25 ಕೆಜಿ ಆಸುಪಾಸು ಬಂದವು. ಜೀವಂತ ತೂಕದಲ್ಲಿ ನೂರಕ್ಕೆ 45 ಭಾಗ ಮಾಂಸ ಅಂತ ಹಿಡಿದರೂ 11 ಕೆಜಿ ದಾಟುತ್ತದೆ. ತಲೆ, ಕಾಲು, ಬೋಟಿ, ಚರ್ಮ ಬೇರೆ. ಅಂದರೆ ಒಂದೊಂದು ಮರಿಯ ಮೇಲೂ ಎರಡು ಕೆಜಿ ಮಟನ್ನು ಟವೆಲ್ ಕೆಳಗೇ ಮಾಯ. ಬೆಂಗಳೂರಿನ ಅಂಗಡಿಯಲ್ಲಿ ಇವತ್ತು ಕೆಜಿ ಮಟನ್ ಎಷ್ಟು ಅಂತ ನಿಮಗೇ ಗೊತ್ತು, ಲೆಕ್ಕ ಹಾಕಿ.

ನನ್ನ ತಕರಾರು ಇದೊಂದೇ. ವ್ಯಾಪಾರಿ ಲಾಭ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಅವನಿಗೂ ಲಾರಿ ಬಾಡಿಗೆ ಇದೆ, ದಾರಿಯಲ್ಲಿ ಸಾಯುವ ಕುರಿಗಳಿವೆ. ಆದರೆ ಅವನು ಕೊಳ್ಳುವುದು ಕೆಜಿ ಲೆಕ್ಕದಲ್ಲಿ, ನಾವು ಮಾರುವುದು ತಲೆ ಲೆಕ್ಕದಲ್ಲಿ. 'ಇಷ್ಟು ಕೆಜಿ ಬೀಳುತ್ತೆ' ಅನ್ನುವ ಮಾತು ಅವನ ಬಾಯಿಂದ ಬರುತ್ತದೆ, ನಮ್ಮ ಬಾಯಿಂದ ಬರುವುದಿಲ್ಲ. ಮಳೆ, ಬಿಸಿಲು, ತೋಳ, ಜ್ವರ ಎಲ್ಲ ಕಂಡು ಸಾಕಿದವನ ಹತ್ತಿರ ಆ ಒಂದು ಅಂಕಿ ಇಲ್ಲ.

ಡೈರಿಗೆ ಅರ್ಧ ಲೀಟರ್ ಹಾಲು ಹಾಕಿದರೂ ಫ್ಯಾಟ್ ನೋಡಿ ದುಡ್ಡು ಕೊಡುತ್ತಾರೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ತಂದರೆ ಕೆಜಿಗೆ ಇಷ್ಟು ಅಂತ ಹರಾಜು ಹಾಕಿ ತೂಗುತ್ತಾರೆ. ಬ್ರಾಯ್ಲರ್ ಕೋಳಿ ಫಾರಂನಿಂದ ಹೊರಡುವಾಗಲೇ ಜೀವಂತ ಕೆಜಿಗೆ ಇಷ್ಟು ಅಂತ ಆ ದಿನದ ರೇಟು ಇರುತ್ತದೆ. ನಮ್ಮ ಕುರಿಮರಿಯೇ ಕಟುಕರ ಅಂಗಡಿಗೆ ಹೋದ ಮೇಲೆ ಐದು ಗ್ರಾಂ ಜಾಸ್ತಿಯಾದರೂ ಗಿರಾಕಿ ಕಾಸು ಕೊಡಬೇಕು. ಸಂತೆಯಲ್ಲಿ ಮಾತ್ರ ಕತ್ತಲು, ಟಾರ್ಚು, ಕಣ್ಣಂದಾಜು! 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಒಂದು ಕೋಟಿ ಹತ್ತು ಲಕ್ಷದಷ್ಟು ಕುರಿಗಳಿವೆ, ಮೇಲೆ ಅರವತ್ತು ಲಕ್ಷದಷ್ಟು ಮೇಕೆ. ತೆಲಂಗಾಣ, ಆಂಧ್ರ ಬಿಟ್ಟರೆ ಕುರಿಯಲ್ಲಿ ನಾವೇ. ಇಷ್ಟು ದೊಡ್ಡ ಕಸುಬಿಗೆ ಒಂದು ತಕ್ಕಡಿ ಇಲ್ಲ ಅಂದರೆ ಹೇಗೆ?

ಇನ್ನೂ ಒಂದು ಹೊಟ್ಟೆ ಉರಿಯುವ ವಿಷಯ. ನಮ್ಮ ಕಡೆಯ ಕುರಿಗಳಿಗೆ ಉಣ್ಣೆ ಇದೆ. ಚಿಕ್ಕಪ್ಪ ಹೋದ ವಾರವಷ್ಟೇ ಉಣ್ಣೆ ಕತ್ತರಿಸಿದ್ದರು, ಬಿಸಿಲಿಗೆ ಪಾಪ ಅಂತ. ಉಣ್ಣೆ ಮಾರಿ ಬರುವ ದುಡ್ಡು ಕತ್ತರಿಸುವವರ ಕೂಲಿಗೂ ಸಾಲುವುದಿಲ್ಲ, ಅದು ಹೋಗಲಿ. ಆದರೆ ಉಣ್ಣೆ ತೆಗೆದ ಮರಿ ನೋಡಲು ಸಣಕಲಾಗಿ ಕಾಣುತ್ತದೆ. ಪಕ್ಕದ ಗುಂಪಿನಲ್ಲಿ ಉಣ್ಣೆ ತುಂಬಿಕೊಂಡಿದ್ದ ಮರಿಗಳು, ಕೈಯಾಡಿಸಿ ನೋಡಿದೆ, ಬೆನ್ನುಮೂಳೆ ಚುಚ್ಚುತ್ತಿತ್ತು. ಅವಕ್ಕೆ ನಮ್ಮವಕ್ಕಿಂತ ಜಾಸ್ತಿ ರೇಟು ಬಂತು. ಕುರಿಯ ಒಳ್ಳೆಯದಕ್ಕೆ ಮಾಡಿದ ಕೆಲಸಕ್ಕೆ ಸಾಕಿದವನೇ ದಂಡ ಕಟ್ಟಿದ ಹಾಗಾಯಿತು.

'ಅನುಭವಸ್ಥರ ಕಣ್ಣು ತಪ್ಪಲ್ಲ' ಅಂತ ಕೆಲವರು ಹೇಳುತ್ತಾರೆ. ಒಪ್ಪುತ್ತೇನೆ. ನಮ್ಮ ತಾತ ಮರಿ ಎತ್ತಿ ಹೇಳಿದರೆ ಅರ್ಧ ಕೆಜಿಯೂ ಆಚೀಚೆ ಆಗುತ್ತಿರಲಿಲ್ಲ. ಆದರೆ ಅಂಥ ಕಣ್ಣು ಇವತ್ತು ಯಾರ ಹತ್ತಿರ ಇದೆ? ದಿನಾ ನೂರಾರು ಕುರಿ ಕೊಂಡು, ಕೊಯ್ದು, ಎಷ್ಟು ಬಿತ್ತು ಅಂತ ಮತ್ತೆ ತೂಗಿ ನೋಡುವವನ ಹತ್ತಿರ. ವರ್ಷಕ್ಕೊಂದೆರಡು ಸಲ ಮಾರುವ ರೈತನಿಗೆ ತನ್ನ ಮರಿ ಕೊನೆಗೆ ಎಷ್ಟು ಕೆಜಿ ಬಿತ್ತು ಅಂತ ಗೊತ್ತಾಗುವುದೇ ಇಲ್ಲ. ಮತ್ತೆ ಕಣ್ಣು ಪಳಗುವುದು ಹೇಗೆ?

ಬಕ್ರೀದ್ ಟಗರಿಗೆ, ಬನ್ನೂರು ತಳಿಗೆ ತೂಕ ನೋಡಿ ರೇಟು ಕಟ್ಟೋಕಾಗಲ್ಲ ಅನ್ನುವುದೂ ಸರಿ. ಬನ್ನೂರು ಕುರಿ ಕುಳ್ಳು, ಗಿಡ್ಡ ಕಾಲು, ಪೀಪಾಯಿಯಂಥ ಮೈ, ಅದಕ್ಕೆ ಬೆಲೆ ಬರುವುದು ತಳಿಗೆ, ರುಚಿಗೆ. ಬಕ್ರೀದ್ ಟಗರಿಗೆ ಕೊಂಬು, ಬಣ್ಣ, ಮೈಕಟ್ಟು. ಅವನ್ನು ಹಾಗೇ ಮಾರಿ, ಯಾರು ಬೇಡ ಅಂದರು? ನಾನು ಮಾತಾಡುತ್ತಿರುವುದು ಮಿಕ್ಕ ದಿನಗಳಲ್ಲಿ ನೇರ ಮಟನ್ ಅಂಗಡಿಗೆ ಹೋಗುವ ಮರಿಗಳ ಬಗ್ಗೆ.

ಇನ್ನು 'ಉಪ್ಪು ತಿನ್ನಿಸಿ ನೀರು ಕುಡಿಸಿ ತೂಕ ಏರಿಸ್ತಾರೆ' ಅನ್ನುವ ದೂರು. ಹಾಗೆ ಮಾಡುವವರು ಇದ್ದಾರೆ. ಅದಕ್ಕೆ ತೂಗುವುದೇ ಬೇಡ ಅನ್ನುವುದಾ? ಹೊಟ್ಟೆ ತುಂಬಿದ್ದರೆ ಕೆಜಿಗಟ್ಟಲೆ ವ್ಯತ್ಯಾಸ ಬರುತ್ತದೆ, ಗೊತ್ತು. ಅದಕ್ಕೆ ಇಷ್ಟು ಕಡಿತ ಅಂತ ಮೊದಲೇ ಮಾತಾಡಿಕೊಳ್ಳಿ. ಬಾಯಿ ಬಿಟ್ಟು ಹೇಳಿದ ಕಡಿತ ನಮಗೂ ಕಾಣುತ್ತದೆ, ಅದು ಜಾಸ್ತಿಯಾಯಿತು ಅಂತ ಜಗಳವಾದರೂ ಆಡಬಹುದು. ಬ್ರೆಜಿಲ್‌ನಲ್ಲಿ ನಮ್ಮ ದೇಶದ ಒಂಗೋಲು ತಳಿಯಿಂದ ಬೆಳೆಸಿದ ನೆಲೋರ್ ದನಗಳನ್ನು ಮಾಂಸಕ್ಕೆ ಮಾರುವಾಗ 'ಅರೋಬಾ' ಲೆಕ್ಕ, ಅಂದರೆ ಕೊಯ್ದು ಚರ್ಮ, ಕರುಳು ತೆಗೆದ ಮೇಲಿನ 15 ಕೆಜಿಗೆ ಇಷ್ಟು ಅಂತ. ಆ ರೇಟು ಸಾಕುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಅಲ್ಲಿಯದೂ ನಮ್ಮಂಥದೇ ಬಿಸಿಲು, ನಮ್ಮಂಥದೇ ರಕ್ತ ಹೀರುವ ಉಣ್ಣಿಹುಳದ ಕಾಟ. ತೂಗುವುದಕ್ಕೆ ಮಾತ್ರ ಅವರಿಗೆ ಏನೂ ಅಡ್ಡಿ ಆಗಿಲ್ಲ.

ತೂಗುವುದು ಬರೀ ಸಂತೆಗಲ್ಲ. ಹುಟ್ಟಿದಾಗ ಮೂರು ಕೆಜಿ ಇದ್ದ ಮರಿ ಮೂರು ತಿಂಗಳಿಗೆ ಎಷ್ಟಾಯಿತು, ಯಾವ ಕುರಿಯ ಮರಿ ಬೇಗ ಬೆಳೆಯುತ್ತದೆ, ಜಂತುಹುಳದ ಔಷಧಿ ಕುಡಿಸಿದ ಮೇಲೆ ಮೈ ಹಿಡಿಯಿತಾ ಇಲ್ವಾ, ಇದೆಲ್ಲ ತಕ್ಕಡಿ ಹೇಳುತ್ತದೆ. ಈಗ ಏನಾಗುತ್ತಿದೆ ಅಂದರೆ ಗುಂಪಿನಲ್ಲಿ ಎಲ್ಲಕ್ಕಿಂತ ಬೇಗ ಬೆಳೆದ ಟಗರುಮರಿಯನ್ನೇ ಮೊದಲು ಮಾರುತ್ತೇವೆ, ಉಳಿದದ್ದನ್ನು ಬಿತ್ತನೆಗೆ ಬಿಡುತ್ತೇವೆ. ಸರ್ಕಾರ 20 ಕುರಿ 1 ಟಗರು ಅಂತ ಕೊಡುವ ಯೋಜನೆ ತಂದಿತ್ತು, ಕುರಿ ಸತ್ತರೆ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೊಡುತ್ತದೆ. ಒಳ್ಳೆಯದೇ. ಬದುಕಿರುವ ಕುರಿಗೆ ಸರಿಯಾದ ಬೆಲೆ ಸಿಗುವ ಹಾಗೆ ಮಾಡೋಕೆ ಅಷ್ಟು ದುಡ್ಡೂ ಬೇಡ.

ನಿಜ ಹೇಳಬೇಕು ಅಂದರೆ ಇವತ್ತು ನನಗೆ ಜಾಸ್ತಿ ನೋವಾಗಿದ್ದು ವ್ಯಾಪಾರಿಯಿಂದ ಅಲ್ಲ. '25 ಕೆಜಿ ಇದೆ, ತೂಗಿದೀನಿ' ಅಂತ ನಾನು ಬಾಯಿ ತೆಗೆದೆ. ಚಿಕ್ಕಪ್ಪ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು, 'ಸುಮ್ನಿರು' ಅಂದರು. ಆಮೇಲೆ ಬಂಡಿ ಹತ್ತಿರ ವಿಷಯ ಹೇಳಿದರು. ತಂಗಿಯ ಮದುವೆಗೆ ಅದೇ ವ್ಯಾಪಾರಿಯಿಂದ ಮುಂಗಡ ತಂದಿದ್ದಾರೆ. ಬಡ್ಡಿ ಇಲ್ಲ, ಪತ್ರ ಇಲ್ಲ, 'ಮರಿ ನಮಗೇ ಕೊಡು' ಅನ್ನುವ ಮಾತು ಅಷ್ಟೇ. ಬ್ಯಾಂಕಿಗೆ ಹೋದರೆ ಹತ್ತು ಸಲ ಅಲೆದಾಡಿಸುತ್ತಾರೆ, ಇವನು ರಾತ್ರಿ ಫೋನ್ ಮಾಡಿದರೂ ಬೆಳಿಗ್ಗೆ ದುಡ್ಡು ಕೊಡುತ್ತಾನೆ. ಬಡ್ಡಿ ಇಲ್ಲ ಅಂತ ಚಿಕ್ಕಪ್ಪ ಈಗಲೂ ನಂಬಿದ್ದಾರೆ. ಮರಿಗೆ ಎರಡೆರಡು ಕೆಜಿ ಹೋಗುತ್ತಿರುವುದೇ ಬಡ್ಡಿ ಅಂತ ಹೇಗೆ ಹೇಳಲಿ ಅವರಿಗೆ? ನಾಳೆ ಹೇಳಲೇಬೇಕು. ಕೆಜಿ ಲೆಕ್ಕ ಇದ್ದರೆ ಸಾಲ ಎಷ್ಟು ತೀರಿತು ಅಂತಲಾದರೂ ಗೊತ್ತಾಗುತ್ತದೆ.

ಸಂತೆಯ ಬಾಗಿಲಲ್ಲಿ ತಲೆಗೆ ಇಷ್ಟು ಅಂತ ಸುಂಕ ವಸೂಲಿ ಮಾಡುತ್ತಾರೆ. ನೆರಳಿಲ್ಲ, ನೀರಿನ ತೊಟ್ಟಿ ಒಣಗಿದೆ, ಸುಂಕ ಮಾತ್ರ ತಪ್ಪುವುದಿಲ್ಲ. ಮುಂದಿನ ಸಲ ಸಂತೆಯ ಸುಂಕ ವಸೂಲಿಯ ಗುತ್ತಿಗೆ ಹರಾಜು ಕೂಗುವಾಗ ಗುತ್ತಿಗೆದಾರ ಒಂದು ತೂಕದ ಯಂತ್ರ ಇಡಲೇಬೇಕು ಅಂತ ಷರತ್ತು ಹಾಕಿ ಅಂತ ಅರ್ಜಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಕುರಿಗಾರರು ಯಾರಾದರೂ ಇದ್ದರೆ ಸಹಿ ಹಾಕಲು ಬನ್ನಿ.

ಅಲ್ಲಿಯವರೆಗೆ ತಕ್ಕಡಿ ಇಲ್ಲದವರು ಟೇಲರ್ ಟೇಪು ಇಟ್ಟುಕೊಳ್ಳಿ. ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಭುಜದಿಂದ ಬಾಲದ ಬುಡದ ಮೂಳೆಯವರೆಗೆ ಉದ್ದ ತೆಗೆಯಿರಿ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,800ರಿಂದ ಭಾಗಿಸಿ. ಸುತ್ತಳತೆ 66, ಉದ್ದ 62 ಇದ್ದರೆ ಜೀವಂತ ತೂಕ 25 ಕೆಜಿ. ಉಣ್ಣೆ ಇದ್ದರೆ ಟೇಪು ಬಿಗಿಯಾಗಿ ಎಳೆಯಿರಿ. ಇದು ಅಂದಾಜೇ, ತಳಿ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ. ಆದರೂ ಬರೆದು ಜೇಬಿನಲ್ಲಿಟ್ಟುಕೊಂಡು ಸಂತೆಗೆ ಹೋಗಿ, 'ಒಂಬತ್ತು ಬೀಳುತ್ತೆ' ಅಂದಾಗ ತೆಗೆದು ತೋರಿಸಿ.